ಪೆರೆಯಾಸ್ಲಾವ್‌ನ ಪ್ರಮಾಣ: ಉಕ್ರೇನ್, ರಷ್ಯಾ ಮತ್ತು ಹಂಚಿಕೊಳ್ಳಲಾಗದ ಚರಿತ್ರೆ

ಚೆರ್ನೋಬಿಲ್ ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಐವತ್ತು ದಾಟಿದವರಾದರೆ ‘ರಷ್ಯಾದಲ್ಲಿ’ ಎಂದುಬಿಡುವುದೇ ಹೆಚ್ಚು. 1986ರಲ್ಲಿ ಸ್ಫೋಟಿಸಿದ ಆ ಅಣುಸ್ಥಾವರ ಇರುವುದು ಉಕ್ರೇನಿನಲ್ಲಿ, ರಾಜಧಾನಿ ಕೀವ್‌ನ ಉತ್ತರಕ್ಕೆ. ಇಡೀ ಸೋವಿಯತ್ ಒಕ್ಕೂಟವನ್ನೇ ರಷ್ಯಾ ಎನ್ನುವ ರೂಢಿ ನಮ್ಮದು. ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ ಬರುತ್ತಿದ್ದ ಅಗ್ಗದ, ಅಂದವಾದ ಪುಸ್ತಕಗಳನ್ನು ಓದಿ ಬೆಳೆದವರಿಗೆ ಅದು ಸಹಜವೂ ಆಗಿತ್ತು. ಪೋಲ್ತಾವಾ ಸೀಮೆಯಲ್ಲಿ ಹುಟ್ಟಿ ರಷ್ಯನ್‌ನಲ್ಲಿ ಬರೆದ ಗೋಗೊಲ್ ಯಾವ ನಾಡಿನವನು ಎಂದು ಆಗ ಯಾರೂ ಕೇಳಲಿಲ್ಲ. 2022ರ ಫೆಬ್ರುವರಿಯಲ್ಲಿ ಯುದ್ಧದಲ್ಲಿ ಸಿಕ್ಕಿಬಿದ್ದ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳು ಉಕ್ರೇನಿನ ಖಾರ್ಕಿವ್‌ನ ನೆಲಮಾಳಿಗೆಗಳಿಂದ ಮನೆಗೆ ಫೋನ್ ಮಾಡತೊಡಗಿದಾಗ ಎಷ್ಟೋ ಜನ ಮೊದಲ ಸಲ ಭೂಪಟ ಬಿಡಿಸಿ ನೋಡಿದರು.

ಮೂಲ ಸಂಗತಿಗಳನ್ನು ಬೇಗ ಮುಗಿಸೋಣ. ಒಂಬತ್ತರಿಂದ ಹದಿಮೂರನೆಯ ಶತಮಾನದವರೆಗೆ ಡ್ನಿಪ್ರೋ ನದಿಯ ದಂಡೆಯ ಕೀವ್ ಕೇಂದ್ರವಾಗಿದ್ದ ‘ರುಸ್’ ಎಂಬ ರಾಜ್ಯವಿತ್ತು. 988ರಲ್ಲಿ ಅದರ ದೊರೆ ಪೂರ್ವ ಕ್ರೈಸ್ತ ಮತವನ್ನು ಸ್ವೀಕರಿಸಿದ. ಉಕ್ರೇನಿಯನ್ನರಿಗೆ ಅವನು ವೊಲೊದಿಮಿರ್, ರಷ್ಯನ್ನರಿಗೆ ವ್ಲಾದಿಮಿರ್. ಈಗ ಕಾದಾಡುತ್ತಿರುವ ಇಬ್ಬರು ಅಧ್ಯಕ್ಷರ ಹೆಸರೂ ಅದೇ. 1240ರಲ್ಲಿ ಮಂಗೋಲರು ಕೀವ್ ನಗರವನ್ನು ಹಾಳುಗೆಡವಿದರು. ಈಶಾನ್ಯದ ಸಂಸ್ಥಾನಗಳು ಬಹುಕಾಲ ಮಂಗೋಲರಿಗೆ ಕಪ್ಪ ಕೊಡುತ್ತಿದ್ದು ಕ್ರಮೇಣ ಮಾಸ್ಕೋದ ವಶವಾದವು. ಕೀವ್ ಇದ್ದ ನೈರುತ್ಯದ ಸೀಮೆ ಲಿಥುವೇನಿಯಾ, ಪೋಲೆಂಡ್‌ಗಳ ಪಾಲಾಯಿತು. ಹೀಗೆ ಒಂದೇ ಬುಡದಿಂದ ಬಂದವರು ಮುನ್ನೂರು ವರ್ಷಕ್ಕೂ ಮಿಕ್ಕಿ ಬೇರೆ ಬೇರೆ ಆಡಳಿತ, ಬೇರೆ ಬೇರೆ ಕಾನೂನುಗಳಡಿ ಬಾಳಿದರು.

ಆ ಬುಡ ಯಾರದು? ವೊಲೊದಿಮಿರನ ಮೂರ್ತಿ ಕೀವ್‌ನ ನದಿದಂಡೆಯಲ್ಲಿ 1853ರಿಂದ ನಿಂತಿದೆ. 2016ರಲ್ಲಿ ಮಾಸ್ಕೋ ತನ್ನ ಕ್ರೆಮ್ಲಿನ್ ಪಕ್ಕದಲ್ಲೇ ಅವನದೊಂದು ಭಾರೀ ಮೂರ್ತಿ ನಿಲ್ಲಿಸಿತು. ಅವನ ಮಗ ಯಾರೊಸ್ಲಾವ್ ಉಕ್ರೇನಿನ 2 ಹ್ರಿವ್ನಿಯಾ ನೋಟಿನಲ್ಲೂ ಇದ್ದಾನೆ, ರಷ್ಯಾದ 1000 ರೂಬಲ್ ನೋಟಿನಲ್ಲೂ ಇದ್ದಾನೆ. ಟಿವಿ ಚರ್ಚೆಗಳೆಲ್ಲ ಸುತ್ತುವುದು ಈ ವಾರಸುದಾರಿಕೆಯನ್ನೇ. ನನ್ನನ್ನು ಕೇಳಿದರೆ ಇದರಷ್ಟು ನಿಷ್ಪ್ರಯೋಜಕ ವಾಗ್ವಾದ ಇನ್ನೊಂದಿಲ್ಲ. ಸಾವಿರ ವರ್ಷದ ಹಿಂದಿನ ರಾಜರಿಗೆ ತಾವು ರಷ್ಯನ್ನರೋ ಉಕ್ರೇನಿಯನ್ನರೋ ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ. ಜಗಳದ ಬೇರು ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ. 1654ರ ಜನವರಿಯ ಒಂದು ದಿನ ಸಾಕು.

ಪೋಲೆಂಡಿನ ಜಮೀನುದಾರರ ಕೈಕೆಳಗಿದ್ದ ಹುಲ್ಲುಗಾವಲು ಸೀಮೆಯಲ್ಲಿ ಕೊಸಾಕ್‌ಗಳು ಎಂಬ ಸಶಸ್ತ್ರ ಜನಸಮುದಾಯವಿತ್ತು. ತಮ್ಮ ನಾಯಕನಾದ ‘ಹೆತ್ಮಾನ್’ನನ್ನು ತಾವೇ ಆರಿಸಿಕೊಳ್ಳುತ್ತಿದ್ದ, ಯಾರಿಗೂ ಸುಲಭಕ್ಕೆ ಬಗ್ಗದ ಜನ. 1648ರಲ್ಲಿ ಬೊಹ್ದಾನ್ ಖ್ಮೆಲ್ನಿತ್ಸ್ಕಿಯ ನಾಯಕತ್ವದಲ್ಲಿ ಅವರು ಪೋಲೆಂಡಿನ ವಿರುದ್ಧ ದಂಗೆ ಎದ್ದರು. ಆ ದಂಗೆಯಲ್ಲಿ ಸಾವಿರಾರು ಯಹೂದಿಗಳ ಕಗ್ಗೊಲೆಯೂ ನಡೆಯಿತು. ಅವನನ್ನು ವಿಮೋಚಕನೆಂದು ಕೊಂಡಾಡುವವರು ಈ ಪುಟವನ್ನು ಹಾರಿಸಿ ಓದುತ್ತಾರೆ. ಗೆಲುವು ದಕ್ಕಿದ್ದು ಕ್ರೈಮಿಯಾದ ತಾತಾರ್ ಖಾನನ ಕುದುರೆಪಡೆಯ ಬೆಂಬಲದಿಂದ. 1651ರಲ್ಲಿ ಬೆರೆಸ್ತೆಚ್ಕೋ ಎಂಬಲ್ಲಿ ಅದೇ ಖಾನ ನಡುಯುದ್ಧದಲ್ಲಿ ಕೈಕೊಟ್ಟು ಹೊರಟುಹೋದ. ಒಬ್ಬಂಟಿಯಾದ ಖ್ಮೆಲ್ನಿತ್ಸ್ಕಿಗೆ ಬಲವಾದ ಆಸರೆಯೊಂದು ಬೇಕಾಯಿತು. ಮಾಸ್ಕೋದ ಝಾರ್ ಅಲೆಕ್ಸಿ ಮಿಖೈಲೊವಿಚ್ ತನ್ನದೇ ಮತದವನು.

ಝಾರನ ರಾಯಭಾರಿ ವಸೀಲಿ ಬುತುರ್ಲಿನ್ ಪೆರೆಯಾಸ್ಲಾವ್ ಊರಿಗೆ ಬಂದ. ಹಳೆಯ ಪಂಚಾಂಗದ ಪ್ರಕಾರ ಜನವರಿ 8ರಂದು ತಮಟೆ ಬಾರಿಸಿ ಸಭೆ ಕರೆದರು. ತುರ್ಕಿಯ ಸುಲ್ತಾನ, ಕ್ರೈಮಿಯಾದ ಖಾನ, ಪೋಲೆಂಡಿನ ದೊರೆ, ಮಾಸ್ಕೋದ ಝಾರ್, ಈ ನಾಲ್ವರಲ್ಲಿ ಯಾರು ಬೇಕು ಎಂದು ಹೆತ್ಮಾನ್ ಕೇಳಿದ. ಝಾರ್ ಎಂದು ಜನ ಕೂಗಿದರು. ಶಾಲಾಪುಸ್ತಕಗಳಲ್ಲಿ ಕತೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಸ್ವಾರಸ್ಯ ಶುರುವಾಗುವುದು ಇದರ ಮುಂದೆ.

ಎಲ್ಲರೂ ಪ್ರಮಾಣವಚನಕ್ಕೆಂದು ಚರ್ಚಿಗೆ ಹೋದರು. ಪಾದ್ರಿಗಳು ಸಿದ್ಧರಾಗಿ ನಿಂತಿದ್ದರು. ಆಗ ಖ್ಮೆಲ್ನಿತ್ಸ್ಕಿ ಒಂದು ಬೇಡಿಕೆ ಇಟ್ಟ: ನಾವು ನಿಷ್ಠೆಯ ಪ್ರಮಾಣ ಮಾಡುತ್ತೇವೆ, ಸರಿ, ನಮ್ಮನ್ನು ಪೋಲೆಂಡಿಗೆ ಬಿಟ್ಟುಕೊಡುವುದಿಲ್ಲ, ನಮ್ಮ ಹಕ್ಕುಗಳನ್ನು ಮುರಿಯುವುದಿಲ್ಲ ಎಂದು ಝಾರನ ಪರವಾಗಿ ನೀವೂ ಪ್ರಮಾಣ ಮಾಡಿ. ಬುತುರ್ಲಿನ್ ಸುತರಾಂ ಒಪ್ಪಲಿಲ್ಲ. ಪ್ರಜೆಗಳು ದೊರೆಗೆ ಪ್ರಮಾಣ ಮಾಡುವುದುಂಟು, ದೊರೆ ಪ್ರಜೆಗಳಿಗೆ ಮಾಡುವುದು ಎಲ್ಲಿಯಾದರೂ ಉಂಟೇ ಎಂದ. ಪೋಲೆಂಡಿನ ದೊರೆಗಳು ಮಾಡುತ್ತಾರಲ್ಲ ಎಂದು ಕೊಸಾಕ್‌ಗಳು ವಾದಿಸಿದರು. ಅವರೇನು ಸ್ವತಂತ್ರ ಪ್ರಭುಗಳೇ, ಮಾಡಿದ ಪ್ರಮಾಣವನ್ನು ಉಳಿಸಿಕೊಳ್ಳುತ್ತಾರೆಯೇ ಎಂದು ಅವನು ಮರುಮಾತು ಕೊಟ್ಟ. ಹೆತ್ಮಾನ್ ರಾಯಭಾರಿಯನ್ನು ಚರ್ಚಿನಲ್ಲೇ ಬಿಟ್ಟು, ತನ್ನ ಸರದಾರರ ಜೊತೆ ಆಲೋಚನೆಗೆಂದು ಹೊರಟುಹೋದ. ಬುತುರ್ಲಿನ್ ಕಾಯುತ್ತಾ ಕುಳಿತ. ಕೊನೆಗೆ ಕೊಸಾಕ್‌ಗಳು ಹಿಂದಿರುಗಿ ತಾವಷ್ಟೇ ಪ್ರಮಾಣ ಮಾಡಿದರು.

ಈ ವಿವರವೆಲ್ಲ ನಮಗೆ ಸಿಕ್ಕಿರುವುದು ಬುತುರ್ಲಿನ್ ತನ್ನ ಒಡೆಯನಿಗೆ ಒಪ್ಪಿಸಿದ ವರದಿಯಿಂದ. ತನ್ನ ಜಾಣ್ಮೆ ಮೆರೆಯಲು ಬರೆದ ಆ ವರದಿಯೇ, ಎದುರಿನವರು ಏನನ್ನು ನಿರೀಕ್ಷಿಸಿ ಬಂದಿದ್ದರು ಎಂಬುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿಯಾಗಿಬಿಟ್ಟಿದೆ. ಇಂಥ ದಾಖಲೆ ಕೈಗೆ ಸಿಕ್ಕಿದರೆ ಚರಿತ್ರೆ ಓದುವವರಿಗೆ ಹಬ್ಬ.

ಪ್ರಮಾಣಕ್ಕೆ ಇಷ್ಟು ಜಗ್ಗಾಟವೇಕೆ? ಕೊಸಾಕ್ ಸರದಾರರು ಬೆಳೆದದ್ದು ಪೋಲೆಂಡಿನ ವ್ಯವಸ್ಥೆಯಲ್ಲಿ. ಅಲ್ಲಿ ದೊರೆಯನ್ನು ಶ್ರೀಮಂತವರ್ಗ ಚುನಾಯಿಸುತ್ತಿತ್ತು, ದೊರೆ ಷರತ್ತುಗಳಿಗೆ ಒಪ್ಪಿ ಪ್ರಮಾಣ ಮಾಡಬೇಕಿತ್ತು, ಅವನು ಮಾತಿಗೆ ತಪ್ಪಿದರೆ ಪ್ರಜೆಗಳೂ ತಮ್ಮ ಮಾತಿನಿಂದ ಬಿಡುಗಡೆ ಹೊಂದುತ್ತಿದ್ದರು. ಮಾಸ್ಕೋದಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲಿ ಪ್ರಜೆ ಬೇಡುತ್ತಾನೆ, ಪ್ರಭು ದಯಪಾಲಿಸುತ್ತಾನೆ. ಅದೇ ಮಾರ್ಚ್‌ನಲ್ಲಿ ಕೊಸಾಕ್‌ಗಳ ನಿಯೋಗವೊಂದು ಮಾಸ್ಕೋಗೆ ಹೋಗಿ ತಮ್ಮ ಬೇಡಿಕೆಗಳ ಪಟ್ಟಿ ಸಲ್ಲಿಸಿತು. ಒಂದೊಂದು ಕಲಮಿನ ಕೆಳಗೂ ಝಾರನ ಅಪ್ಪಣೆಯನ್ನು ಬರೆಯಲಾಯಿತು. ನೋಂದಾಯಿತ ಸೈನ್ಯ 60,000 ಇರಲಿ: ಮಂಜೂರು. ಹೆತ್ಮಾನ್ ಸತ್ತರೆ ಇನ್ನೊಬ್ಬನನ್ನು ನಾವೇ ಆರಿಸುತ್ತೇವೆ: ಆಗಲಿ, ನಮಗೆ ತಿಳಿಸಿ. ಪರದೇಶದ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತೇವೆ: ಆಗಲಿ, ಆದರೆ ಪೋಲೆಂಡಿನ ದೊರೆ, ತುರ್ಕಿಯ ಸುಲ್ತಾನ ಇಬ್ಬರ ಜೊತೆ ಮಾತ್ರ ಅಪ್ಪಣೆಯಿಲ್ಲದೆ ವ್ಯವಹಾರ ಕೂಡದು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಅರ್ಜಿಯ ಅಂಚಿಗೆ ಷರಾ ಬರೆಯುತ್ತಾರಲ್ಲ, ಹಾಗೆ. ಕೊಸಾಕ್‌ಗಳು ಅದನ್ನು ಇಬ್ಬರ ನಡುವಿನ ಕರಾರುಪತ್ರ ಎಂದು ಮನೆಗೆ ಒಯ್ದರು; ಮಾಸ್ಕೋದ ಕಡತದಲ್ಲಿ ಅದು ಮಂಜೂರಾದ ಅರ್ಜಿ. ಅರ್ಜಿ ಮಂಜೂರು ಮಾಡಿದವನು ಅದನ್ನು ರದ್ದೂ ಮಾಡಬಹುದು.

ಅದಕ್ಕೆ ಬಹಳ ಕಾಲ ಬೇಕಾಗಲಿಲ್ಲ. 1656ರಲ್ಲಿ ಮಾಸ್ಕೋ ಕೊಸಾಕ್‌ಗಳನ್ನು ಹೊರಗೇ ಇಟ್ಟು ಪೋಲೆಂಡಿನ ಜೊತೆ ಕದನವಿರಾಮ ಮಾಡಿಕೊಂಡಿತು. 1657ರಲ್ಲಿ ಖ್ಮೆಲ್ನಿತ್ಸ್ಕಿ ಸತ್ತ. 1659ರಲ್ಲಿ ಅವನ ಎಳೆಯ ಮಗ ಯೂರಿಯ ಮುಂದೆ, ಇವೇ ನಿನ್ನ ತಂದೆ ಒಪ್ಪಿದ ಕಲಮುಗಳು ಎಂದು ತಿದ್ದಿ ಬಿಗಿಮಾಡಿದ ಪಾಠವೊಂದನ್ನಿಟ್ಟು ಒಪ್ಪಿಗೆ ಪಡೆಯಲಾಯಿತು. 1654ರ ಮೂಲಪತ್ರ ಉಳಿದಿಲ್ಲ. ಕರಡುಗಳು, ಪ್ರತಿಗಳು, ಅನುವಾದಗಳಷ್ಟೇ ಉಳಿದಿವೆ. ಹಾಗಾಗಿ ವಿದ್ವಾಂಸರ ಜಗಳಕ್ಕೂ ಕೊನೆಯಿಲ್ಲ. ರಷ್ಯಾದ ಕಾನೂನುಪಂಡಿತ ಸೆರ್ಗೆಯೆವಿಚ್ ಇದನ್ನು ಒಬ್ಬ ದೊರೆಯಡಿ ಎರಡು ರಾಜ್ಯಗಳ ಕೂಟ ಎಂದ. ಉಕ್ರೇನಿನ ಲಿಪಿನ್‌ಸ್ಕಿಗೆ ಅದು ಬರೀ ಸೇನಾ ಮೈತ್ರಿ. ಹ್ರುಶೆವ್‌ಸ್ಕಿಗೆ ಅದು ಸಾಮಂತ ಸಂಬಂಧ. ಈ ಮೂರರಲ್ಲೂ ಉಕ್ರೇನ್ ಎಂಬುದೊಂದು ಪ್ರತ್ಯೇಕ ಪಕ್ಷವಾಗಿ ನಿಲ್ಲುತ್ತದೆ ಎಂಬುದನ್ನು ಗಮನಿಸಿ.

1667ರಲ್ಲಿ ಪೋಲೆಂಡ್, ಮಾಸ್ಕೋ ಎರಡೂ ಸೇರಿ ಡ್ನಿಪ್ರೋ ನದಿಯನ್ನೇ ಗಡಿಯಾಗಿಸಿ ಸೀಮೆಯನ್ನು ಇಬ್ಭಾಗ ಮಾಡಿಕೊಂಡವು. 1708ರಲ್ಲಿ ಹೆತ್ಮಾನ್ ಮಜೆಪಾ ಸ್ವೀಡನ್ ದೊರೆಯ ಕಡೆ ಸೇರಿ ಮರುವರ್ಷ ಪೋಲ್ತಾವಾದಲ್ಲಿ ಸೋತ. ರಷ್ಯನ್ನರ ಪಾಲಿಗೆ ಅವನು ದ್ರೋಹಿಯ ಪಡಿಯಚ್ಚು. ಉಕ್ರೇನಿನ 5 ಹ್ರಿವ್ನಿಯಾ ನೋಟಿನಲ್ಲಿ ಝಾರನಿಗೆ ಪ್ರಮಾಣ ಮಾಡಿದ ಖ್ಮೆಲ್ನಿತ್ಸ್ಕಿ, 10ರ ನೋಟಿನಲ್ಲಿ ಅದನ್ನು ಮುರಿದ ಮಜೆಪಾ ಇಬ್ಬರೂ ಇದ್ದಾರೆ. ಪ್ರಮಾಣವೆಂದರೆ ಕರಾರು ಎಂದುಕೊಂಡವರಿಗೆ ಇದರಲ್ಲಿ ವಿರೋಧಾಭಾಸವೇನೂ ಕಾಣದು. ರಷ್ಯಾದ ರಾಣಿ ಕ್ಯಾಥರೀನ್ 1764ರಲ್ಲಿ ಹೆತ್ಮಾನ್ ಪದವಿಯನ್ನೇ ತೆಗೆದುಹಾಕಿದಳು; 1775ರಲ್ಲಿ ಕೊಸಾಕ್‌ಗಳ ಕೊನೆಯ ನೆಲೆ ಝಪೊರೋಝಿಯಾವನ್ನು ಕೆಡವಿಸಿದಳು.

ಓದುಗರು ಎಡವುವ ಇನ್ನೊಂದು ಜಾಗ ಭಾಷೆಯದು. ಅಲ್ಲಿ ಅಷ್ಟು ಜನ ರಷ್ಯನ್ ಆಡುತ್ತಾರಲ್ಲ, ಮತ್ತೆ ಅವರು ರಷ್ಯನ್ನರೇ ಅಲ್ಲವೇ ಎಂದು ಕೇಳುತ್ತಾರೆ. ಅಷ್ಟು ಜನ ರಷ್ಯನ್ ಆಡುವುದಕ್ಕೂ ಒಂದು ಚರಿತ್ರೆ ಇದೆ. 1863ರ ವಲುಯೆವ್ ಸುತ್ತೋಲೆ ಉಕ್ರೇನಿಯನ್‌ನಲ್ಲಿ ಶಾಲಾಪುಸ್ತಕ, ಧಾರ್ಮಿಕ ಪುಸ್ತಕಗಳನ್ನು ಅಚ್ಚು ಮಾಡುವುದನ್ನು ತಡೆಯಿತು. 1876ರಲ್ಲಿ ಝಾರ್ ಎರಡನೆಯ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಎಂಬ ಬಿಸಿನೀರ ಬುಗ್ಗೆಗಳ ಊರಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಸಹಿ ಹಾಕಿದ ಆಜ್ಞೆ ಸ್ವತಂತ್ರ ಕೃತಿಗಳನ್ನೂ ಅನುವಾದಗಳನ್ನೂ ನಾಟಕವನ್ನೂ ನಿಷೇಧಿಸಿತು. ಸ್ವರಪ್ರಸ್ತಾರದ ಕೆಳಗೆ ಹಾಡಿನ ಸಾಹಿತ್ಯ ಅಚ್ಚು ಹಾಕುವುದೂ ಅಪರಾಧವಾಯಿತು. ಇಲ್ಲದ ಭಾಷೆಯನ್ನು ಯಾರೂ ನಿಷೇಧಿಸುವುದಿಲ್ಲ. ಇನ್ನು ಇಂದಿನ ಅಧ್ಯಕ್ಷ ಝೆಲೆನ್ಸ್ಕಿ ಬೆಳೆದದ್ದು ಕ್ರಿವಿ ರಿಹ್ ಎಂಬ ಗಣಿಯೂರಿನಲ್ಲಿ, ಯಹೂದಿ ಮನೆತನದಲ್ಲಿ, ರಷ್ಯನ್ ಆಡುತ್ತಲೇ. ಭಾಷೆಯ ಗೆರೆಯೂ ನಿಷ್ಠೆಯ ಗೆರೆಯೂ ಒಂದೇ ಅಲ್ಲ.

ಸೋವಿಯತ್ ಕಾಲವನ್ನು ಒಂದೇ ಬಣ್ಣದಲ್ಲಿ ಬಳಿಯುವುದು ಕಷ್ಟ. 1920ರ ದಶಕದಲ್ಲಿ ಉಕ್ರೇನಿಯನ್ ಶಾಲೆ, ಪತ್ರಿಕೆಗಳಿಗೆ ಸರ್ಕಾರವೇ ಉತ್ತೇಜನ ಕೊಟ್ಟಿತು. 1932–33ರಲ್ಲಿ ಅದೇ ಸರ್ಕಾರದ ಧಾನ್ಯವಸೂಲಿ ತಂದ ಬರಗಾಲದಲ್ಲಿ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಉಕ್ರೇನ್ ಅದನ್ನು ನರಮೇಧ ಎನ್ನುತ್ತದೆ. ರಷ್ಯಾ ಒಪ್ಪುವುದಿಲ್ಲ, ಬೇರೆ ಪ್ರಾಂತಗಳಲ್ಲೂ ಜನ ಸತ್ತರು ಎನ್ನುತ್ತದೆ. ಸತ್ತದ್ದು ನಿಜ, ಕಜಾಕ್ ಜನರಂತೂ ಘೋರವಾಗಿ ನಲುಗಿದರು. ಆದರೆ 1933ರ ಜನವರಿಯಲ್ಲಿ ರೈತರು ಅನ್ನ ಹುಡುಕಿಕೊಂಡು ಹೊರಗೆ ಹೋಗದಂತೆ ತಡೆಯಲು ಹೊರಟ ಆದೇಶ ಹೆಸರಿಸಿದ್ದು ಉಕ್ರೇನನ್ನೂ ಉಕ್ರೇನಿಯನ್ನರು ತುಂಬಿದ್ದ ಕುಬಾನ್ ಸೀಮೆಯನ್ನೂ.

ಪೆರೆಯಾಸ್ಲಾವ್ ಮತ್ತೆ ಎದ್ದು ಬಂದದ್ದು 1954ರಲ್ಲಿ, ಮುನ್ನೂರನೆಯ ವರ್ಷಾಚರಣೆಗೆ. ಅದು ‘ಪುನರ್ಮಿಲನ’ ಎಂದು ಕಮ್ಯುನಿಸ್ಟ್ ಪಕ್ಷ ಅಧಿಕೃತವಾಗಿ ಘೋಷಿಸಿತು. ಮುಂದೆ ಬೇರೆ ವ್ಯಾಖ್ಯಾನಕ್ಕೆ ಎಡೆಯೇ ಉಳಿಯಲಿಲ್ಲ. 1966ರಲ್ಲಿ ಮಿಖೈಲೊ ಬ್ರೈಚೆವ್‌ಸ್ಕಿ ಎಂಬ ಚರಿತ್ರೆಕಾರ ಇದು ಪುನರ್ಮಿಲನವೋ ಕಬಳಿಕೆಯೋ ಎಂದು ಕೇಳುವ ಪ್ರಬಂಧ ಬರೆದ. ಅದು ಗುಟ್ಟಾಗಿ ಕೈಯಿಂದ ಕೈಗೆ ದಾಟಿತು. ಬರೆದವನು ಕೆಲಸ ಕಳೆದುಕೊಂಡ.

ಕ್ರೈಮಿಯಾ ಪರ್ಯಾಯದ್ವೀಪ ರಷ್ಯಾ ಗಣರಾಜ್ಯದಿಂದ ಉಕ್ರೇನ್ ಗಣರಾಜ್ಯಕ್ಕೆ ವರ್ಗವಾದದ್ದೂ ಅದೇ 1954ರ ಫೆಬ್ರುವರಿಯಲ್ಲಿ. ಸೋವಿಯತ್ ನಾಯಕ ಕ್ರುಶ್ಚೇವ್ ಉಕ್ರೇನಿನವನಾದ್ದರಿಂದ ಉಡುಗೊರೆ ಕೊಟ್ಟ ಎಂಬ ಮಾತು ಬಹಳ ಓಡಾಡುತ್ತದೆ. ಅವನು ಹುಟ್ಟಿದ್ದು ರಷ್ಯಾದ ಕುರ್ಸ್ಕ್ ಸೀಮೆಯಲ್ಲಿ. ವರ್ಗಾವಣೆಯ ಆಜ್ಞೆ ಕೊಡುವ ಕಾರಣ ಭೌಗೋಳಿಕ ಸಾಮೀಪ್ಯ, ಆರ್ಥಿಕ ಸಂಬಂಧ. ಭೂಪಟ ನೋಡಿದರೆ ಅರ್ಥವಾಗುತ್ತದೆ: ಕ್ರೈಮಿಯಾ ಭೂಮಿಗೆ ಅಂಟಿಕೊಂಡಿರುವುದು ಉಕ್ರೇನಿನ ಕಡೆಯಿಂದಲೇ. ಒಣನೆಲಕ್ಕೆ ನೀರು ಬರಬೇಕಾದದ್ದು ಡ್ನಿಪ್ರೋ ನದಿಯಿಂದ, 1960ರ ದಶಕದಲ್ಲಿ ತೋಡಿದ ಕಾಲುವೆಯಲ್ಲಿ. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ವಶಪಡಿಸಿಕೊಂಡಾಗ ಉಕ್ರೇನ್ ಅದೇ ಕಾಲುವೆಗೆ ಅಡ್ಡಗಟ್ಟೆ ಕಟ್ಟಿತು.

ಉಳಿದದ್ದು ಪತ್ರಿಕೆಗಳಿಂದ ನಿಮಗೆ ಗೊತ್ತಿರುವುದೇ. 1991ರ ಡಿಸೆಂಬರ್ 1ರ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಒಪ್ಪಿಗೆ ಕೊಟ್ಟರು. ರಷ್ಯನ್ ಆಡುವ ದೊನೆತ್ಸ್ಕ್‌ನಲ್ಲೂ ಶೇ. 80 ದಾಟಿತು, ಕ್ರೈಮಿಯಾದಲ್ಲಿ ಶೇ. 54. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನ್ ತನ್ನಲ್ಲಿದ್ದ ಅಣ್ವಸ್ತ್ರ ಬಿಟ್ಟುಕೊಡಲು ಒಪ್ಪಿತು. ಅದರ ಗಡಿಗಳನ್ನು ಗೌರವಿಸುವುದಾಗಿ ರಷ್ಯಾ, ಅಮೆರಿಕ, ಬ್ರಿಟನ್ ಬರೆದುಕೊಟ್ಟವು. 2021ರ ಜುಲೈನಲ್ಲಿ ಪುಟಿನ್ ತಮ್ಮ ಹೆಸರಿನಲ್ಲೇ ಸುದೀರ್ಘ ಚರಿತ್ರೆಯ ಲೇಖನ ಪ್ರಕಟಿಸಿ ಎರಡೂ ಒಂದೇ ಜನ ಎಂದರು. ಏಳು ತಿಂಗಳಲ್ಲಿ ಯುದ್ಧ. ಪೆರೆಯಾಸ್ಲಾವ್ ಸಭೆಯನ್ನು ತೋರಿಸುವ ಕೀವ್‌ನ ಶಿಲ್ಪಸಮೂಹವನ್ನು 2024ರ ಏಪ್ರಿಲ್‌ನಲ್ಲಿ ಬಿಚ್ಚಿ ತೆಗೆದರು.

ನೇಟೊ ವಿಸ್ತರಣೆ, ಅನಿಲದ ಕೊಳವೆ, ದೊನ್ಬಾಸ್‌ನ ಕಲ್ಲಿದ್ದಲು ಯಾವುದನ್ನೂ ಈ ಅಧ್ಯಾಯ ಮುಟ್ಟಿಲ್ಲ. ಅವೆಲ್ಲ ಬೇಕು, ಬೇರೆ ಪುಸ್ತಕಗಳಲ್ಲಿ ಸಿಗುತ್ತವೆ. ಇಂಗ್ಲಿಷ್ ಓದಬಲ್ಲವರು ಸೆರ್ಹಿ ಪ್ಲೋಖಿಯವರ ‘ದಿ ಗೇಟ್ಸ್ ಆಫ್ ಯುರೋಪ್’ನಿಂದ ಶುರು ಮಾಡಬಹುದು. ಕಾಲೇಜು ಓದುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಮನವಿ ಇದೆ. ಈ ಕತೆಯಲ್ಲಿ ಎರಡು ಸಲ ಬಂದುಹೋದ ತಾತಾರರನ್ನು ಹಿಡಿದುಕೊಳ್ಳಿ. 1648ರಲ್ಲಿ ದಂಗೆ ಗೆಲ್ಲಿಸಿದವರು, 1651ರಲ್ಲಿ ಕೈಕೊಟ್ಟವರು, ಅದಕ್ಕೂ ಮೊದಲು ಆ ಸೀಮೆಯ ಹಳ್ಳಿಗರನ್ನು ಹಿಡಿದು ಗುಲಾಮರನ್ನಾಗಿ ಮಾರಿದವರು. 1783ರಲ್ಲಿ ಕ್ಯಾಥರೀನಳಿಗೆ ರಾಜ್ಯ ಕಳೆದುಕೊಂಡವರು. 1944ರ ಮೇ ತಿಂಗಳಲ್ಲಿ ಮೂರೇ ದಿನಗಳಲ್ಲಿ ಹೆಚ್ಚುಕಡಿಮೆ ಇಡೀ ಜನಾಂಗವಾಗಿ ಸರಕು ರೈಲುಗಳಲ್ಲಿ ಮಧ್ಯ ಏಷ್ಯಾಕ್ಕೆ ಗಡೀಪಾರಾದವರು. 1980ರ ದಶಕದ ಕೊನೆಗೆ ಹಿಂದಿರುಗಿ ತಮ್ಮ ಮನೆಗಳಲ್ಲಿ ಬೇರೆಯವರನ್ನು ಕಂಡವರು. ಕ್ರೈಮಿಯಾ ರಷ್ಯಾದ್ದೋ ಉಕ್ರೇನಿನದ್ದೋ ಎಂಬ ಪ್ರಶ್ನೆಗೆ ಅವರ ಕಡೆಯಿಂದ ಬರುವ ಉತ್ತರವೇ ಬೇರೆ. ಅದನ್ನು ಕನ್ನಡದಲ್ಲಿ ವಿವರವಾಗಿ ಹೇಳುವವರು ಬೇಕಾಗಿದ್ದಾರೆ.