ಆಳೆತ್ತರ ಮತ್ತು ಆನುವಂಶಿಕತೆ: ಹಂದಿಗೋಡಿನ ನಿದರ್ಶನ

ಕನ್ನಡವು ಮನುಷ್ಯನ ಒಡಲನ್ನೇ ಅಳತೆಗೋಲಾಗಿ ಬಳಸಿದ ಭಾಷೆ. ಗೇಣು, ಮೊಳ, ಮಾರು, ಆಳು ಎಲ್ಲವೂ ದೇಹಮೂಲವಾದವು. ಬಾವಿ ಎರಡಾಳು ಆಳವಿದೆ ಎನ್ನುವಾಗ ಎಲ್ಲ ಆಳುಗಳೂ ಒಂದೇ ಎತ್ತರವೆಂದು ಭಾವಿಸಿಕೊಂಡಿರುತ್ತೇವೆ. ವಾಸ್ತವ ಹಾಗಿಲ್ಲ. ಏಕಿಲ್ಲವೆಂಬ ಪ್ರಶ್ನೆಯನ್ನು ಮಲೆನಾಡಿನ ಒಂದು ಹಳ್ಳಿಯ ಸಂಕಟದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೆಳೆಯುವ ಮಗುವಿನ ಉದ್ದೆಲುಬುಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಅಲ್ಲಿಯ ಜೀವಕೋಶಗಳು ವಿಭಜನೆಗೊಂಡು, ಸಾಲುಗಟ್ಟಿ, ಉಬ್ಬಿ, ಕಡೆಗೆ ತಮ್ಮ ಎಡೆಯನ್ನು ಎಲುಬಿಗೆ ತೆರವು ಮಾಡುತ್ತವೆ. ಹರೆಯ ಮುಗಿಯುವ ವೇಳೆಗೆ ಆ ಪದರವೂ ಎಲುಬಾಗುತ್ತದೆ. ಎತ್ತರ ಅಲ್ಲಿಗೆ ನಿಲ್ಲುತ್ತದೆ. ಆಹಾರ, ಬಾಲ್ಯದ ಕಾಯಿಲೆಗಳ ಪಾತ್ರವಿದ್ದರೂ ಈ ಕ್ರಿಯೆಯ ಹಿಡಿತ ಬಹುಮಟ್ಟಿಗೆ ವಂಶವಾಹಿಗಳದು. ಸುಮಾರು 54 ಲಕ್ಷ ಜನರ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು ಎತ್ತರಕ್ಕೆ ಸಂಬಂಧಿಸಿದ 12,111 ಆನುವಂಶಿಕ ವ್ಯತ್ಯಾಸಗಳನ್ನು ಗುರುತಿಸಿತು. ಅವರಲ್ಲಿ ಬಹುಪಾಲು ಯೂರೋಪ್ ಮೂಲದವರೇ ಎಂಬುದನ್ನು ಮರೆಯಬಾರದು. ಈ ವ್ಯತ್ಯಾಸಗಳಲ್ಲಿ ಒಂದೊಂದರ ಪ್ರಭಾವವೂ ಅತ್ಯಲ್ಪ.

ಆದರೆ ಕೆಲವೊಮ್ಮೆ ಒಂದೇ ವಂಶವಾಹಿಯ ದೋಷ ಇಡೀ ಅಸ್ಥಿಪಂಜರವನ್ನು ಕುಗ್ಗಿಸಬಲ್ಲದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಬೆಳಕಿಗೆ ಬಂದ ಕಾಯಿಲೆ ಅಂಥದು. ಸೊಂಟದ ಕೀಲಿನಲ್ಲಿ ನೋವು, ಕುಂಟುನಡೆ, ಕ್ರಮೇಣ ಸವೆಯುವ ಕೀಲುಗಳು, ಕೆಲವರಲ್ಲಿ ಕುಬ್ಜತೆ. ನರಳಿದವರು ಬಹುಪಾಲು ದಲಿತ ಸಮುದಾಯಗಳ ಬಡ ಕೂಲಿಕಾರರು. ತನಿಖೆಗೆ ಹೋದದ್ದು ಹೈದರಾಬಾದಿನ ತಾರ್ನಾಕದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಂಡ. ಕೀಟನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವಿರಬಹುದೆಂಬ ಶಂಕೆ ಆಗ ಪ್ರಬಲವಾಗಿತ್ತು. ಹಸಿದವನು ಗದ್ದೆಯ ಏಡಿಯನ್ನಲ್ಲದೆ ಮತ್ತೇನನ್ನು ಹಿಡಿದಾನು? ಆದರೂ ಭಟ್ ಮತ್ತು ಕೃಷ್ಣಮಾಚಾರಿ ಅವರು 1977ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಇದನ್ನು 'ಕೌಟುಂಬಿಕ' ಸಂಧಿವಾತವೆಂದು ಕರೆದಿದ್ದರು. ಕಾಯಿಲೆ ಮನೆತನಗಳ ಜಾಡು ಹಿಡಿದಿತ್ತು.

1994ರಲ್ಲಿ ಅಗರ್‌ವಾಲ್ ಮತ್ತು ಸಂಗಡಿಗರು ವಂಶವೃಕ್ಷಗಳನ್ನೂ ಕ್ಷ-ಕಿರಣ ಚಿತ್ರಗಳನ್ನೂ ಪರಿಶೀಲಿಸಿ, ಇದು ಬೆನ್ನೆಲುಬಿನ ಮಣಿಗಳೂ ಎಲುಬಿನ ತುದಿಗಳೂ ಸರಿಯಾಗಿ ರೂಪುಗೊಳ್ಳದ ಆನುವಂಶಿಕ ದೋಷವೆಂದು ವಿವರಿಸಿದರು. ಅವರು ಗುರುತಿಸಿದ ಮೂರು ಬಗೆಗಳಲ್ಲಿ ಮೊದಲನೆಯವರದು ಸಾಮಾನ್ಯ ಎತ್ತರ, ದೋಷ ಸೊಂಟದ ಕೀಲಿಗೆ ಸೀಮಿತ, ಎರಡನೆಯವರ ಬೆನ್ನುಮೂಳೆಯೂ ಬಾಧಿತ, ಮೈ ಗಿಡ್ಡ, ಮೂರನೆಯವರು ಕುಬ್ಜರು.

ಇದರ ಸಾಗಣೆ ಪ್ರಬಲ ರೀತಿಯದು. ತಂದೆ ಅಥವಾ ತಾಯಿಯಲ್ಲಿ ದೋಷಯುಕ್ತ ಪ್ರತಿಯೊಂದಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಅದು ಬಾರದ ಮಗುವಿನಿಂದ ಮುಂದಿನ ಪೀಳಿಗೆಗೆ ಹೋಗಲಾರದು. ನಮ್ಮ ಭಾಷೆಯಲ್ಲಿ 'ವಂಶ'ವೆಂದೊಡನೆ ಕುಲವೂ ಜಾತಿಯೂ ನೆನಪಿಗೆ ಬರುವುದರಿಂದ 'ಆನುವಂಶಿಕ'ವೆಂಬ ಪದ ಇಡೀ ಸಮುದಾಯದ ಮೇಲೆ ಕಳಂಕದಂತೆ ಕೂರುವ ಅಪಾಯವಿದೆ. ದೋಷವಿರುವುದು ಒಂದು ವಂಶವಾಹಿಯ ಪ್ರತಿಯಲ್ಲಿ. ಅದೇ ಮನೆಯ ಒಬ್ಬ ಮಗಳಲ್ಲಿದ್ದು ಇನ್ನೊಬ್ಬಳಲ್ಲಿ ಇಲ್ಲದಿರಬಹುದು. ಊರಿಗಂತೂ ಅದರ ಸಂಬಂಧವೇ ಇಲ್ಲ. ಆದರೂ 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ಆದಂತೆಯೇ ಹಂದಿಗೋಡಿನ ಹೆಸರೂ ವೈದ್ಯಗ್ರಂಥಗಳಲ್ಲಿ ರೋಗದ ಹೆಸರಾಗಿ ನಿಂತಿದೆ.