ಶಸ್ತ್ರಚಿಕಿತ್ಸೆಯ ಅನಂತರ ಹೃದಯದ ತಾಳ

ಹೃದ್ರೋಗಕ್ಕೆ ಒಳ್ಳೆಯ ಚಿಕಿತ್ಸೆ ದೊರೆಯುವ ನಗರಗಳಲ್ಲಿ ಚೆನ್ನೈ ಬಹುಕಾಲದಿಂದ ಹೆಸರಾಗಿದೆ. ಸೌಕಾರ್‌ಪೇಟೆಯ ಮಿಂಟ್ ಬೀದಿಯಲ್ಲಿ ಅಂಗಡಿ ಇಟ್ಟವರಿಗೆ ಸರ್ಕಾರಿ ಜನರಲ್ ಆಸ್ಪತ್ರೆ ದೂರವಲ್ಲ. ಪೆರಂಬೂರಿನ ರೈಲ್ವೆ ಆಸ್ಪತ್ರೆಯೂ ಕೆಲವೇ ಮೈಲಿಗಳ ಅಂತರದಲ್ಲಿದೆ. ಭಾರತದ ಮೊದಲ ಯಶಸ್ವಿ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು 1975ರಲ್ಲಿ ಡಾ. ಕೆ. ಎಂ. ಚೆರಿಯನ್ ಅವರು ನಡೆಸಿದ್ದು ಪೆರಂಬೂರಿನಲ್ಲಿಯೇ. ಅಂದು ‘ರೋಗಿ ಬದುಕುಳಿದಾನೆಯೆ?’ ಎಂಬುದು ಪ್ರಶ್ನೆಯಾಗಿತ್ತು. ಇಂದು ಬಹುಮಂದಿ ಗುಣಮುಖರಾಗಿ ಮನೆಗೆ ಮರಳುತ್ತಾರೆ. ಆದುದರಿಂದ ಮುಂದಿನ ವರ್ಷಗಳನ್ನು ಕುರಿತ ಪ್ರಶ್ನೆಗಳು ಈಗ ಮುಖ್ಯವಾಗಿವೆ. ಅವುಗಳಲ್ಲಿ ಹೃದಯದ ತಾಳ ತಪ್ಪುವುದೂ ಒಂದು.

ತಾಳ ತಪ್ಪುವುದೆಂದರೇನು?

ಆರೋಗ್ಯವಂತ ಹೃದಯದಲ್ಲಿ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳು ಮೊದಲು ಸಂಕುಚಿಸಿ, ಕೆಳಗಿನ ಹೃತ್ಕುಕ್ಷಿಗಳು ಅವನ್ನು ಅನುಸರಿಸುತ್ತವೆ. ಈ ಕ್ರಮ ಕೆಟ್ಟು ಹೃತ್ಕರ್ಣಗಳು ಅದುರತೊಡಗಿದರೆ ಅದನ್ನು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃತ್ಕರ್ಣ ಕಂಪನ ಎನ್ನುತ್ತಾರೆ. ಬೈಪಾಸ್ ಆದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಇದು ಕಾಣಿಸಿಕೊಳ್ಳುತ್ತದೆ; ಕವಾಟದ ಶಸ್ತ್ರಚಿಕಿತ್ಸೆಯಾದವರಲ್ಲಿ ಇನ್ನೂ ಹೆಚ್ಚು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇದರ ಹಾವಳಿ ಅಧಿಕ. ಶಸ್ತ್ರದ ಗಾಯದಿಂದಾದ ಉರಿಯೂತ, ದೇಹದ ಉದ್ವಿಗ್ನ ಸ್ಥಿತಿ, ಲವಣಾಂಶಗಳ ಏರುಪೇರು, ಇವೆಲ್ಲ ಸೇರಿ ಇದಕ್ಕೆ ಕಾರಣವಾಗುತ್ತವೆ. ವಯಸ್ಸಾದವರಲ್ಲಿ ಸಂಭವ ಹೆಚ್ಚು.

ಬಂದು ಹೋಗುವ ಅತಿಥಿಯೆ?

ಬಹುತೇಕರಲ್ಲಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಆರು ವಾರಗಳಲ್ಲಿ, ತಾಳ ತಾನಾಗಿ ಸರಿಹೋಗುತ್ತದೆ. ಆದ್ದರಿಂದ ಇದನ್ನು ಬಂದು ಹೋಗುವ ಅತಿಥಿಯೆಂದೇ ವೈದ್ಯರು ಬಹುಕಾಲ ಭಾವಿಸಿದ್ದರು. ದೀರ್ಘಕಾಲದ ಅಧ್ಯಯನಗಳು ಈ ಭಾವನೆಯನ್ನು ತಿದ್ದಿವೆ. ಸ್ವೀಡನ್ನಿನಲ್ಲಿ ಬೈಪಾಸ್ ಆದ 24,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಆಸ್ಪತ್ರೆಯಲ್ಲಿ ತಾಳ ತಪ್ಪಿದವರಿಗೆ ಮುಂದೆ ಅದೇ ತೊಂದರೆ ಮರುಕಳಿಸುವ ಸಂಭವ ಇತರರಿಗಿಂತ ಸುಮಾರು ನಾಲ್ಕು ಪಟ್ಟು. ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದೂ, ಮಿದುಳಿನ ಆಘಾತವೂ ಇವರಲ್ಲಿ ಸ್ವಲ್ಪ ಹೆಚ್ಚಾಗಿ ಕಂಡುಬಂದವು. ಅದುರುವ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿನ ನಾಳವನ್ನು ಅಡ್ಡಗಟ್ಟಬಹುದೆಂಬುದೇ ಇಲ್ಲಿನ ಭಯ.

ಆದರೆ ಭಯಪಟ್ಟು ಕುಳಿತುಕೊಳ್ಳಬೇಕಾಗಿಲ್ಲ. ಜರ್ಮನಿಯಲ್ಲಿ ಚರ್ಮದಡಿಯ ಪುಟ್ಟ ಯಂತ್ರದಿಂದ ರೋಗಿಗಳ ಹೃದಯದ ಗತಿಯನ್ನು ವರ್ಷವಿಡೀ ದಾಖಲಿಸಿದ ಅಧ್ಯಯನವೊಂದು 2025ರಲ್ಲಿ ಬೆಳಕಿಗೆ ಬಂದಿತು. ಅರ್ಧದಷ್ಟು ಜನರಲ್ಲಿ ಕಂಪನ ಕಂಡರೂ, ಮೊದಲ ತಿಂಗಳು ಕಳೆದ ಮೇಲೆ ಅದರ ಅವಧಿ ಅತ್ಯಲ್ಪವಾಗಿತ್ತು. ಎಲ್ಲರ ಪಾಡೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟ.

ಔಷಧದ ಇಕ್ಕಟ್ಟು

ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧ ಎರಡಲಗಿನ ಕತ್ತಿ. ಅದು ಆಘಾತವನ್ನು ತಡೆಯಬಲ್ಲದು, ರಕ್ತಸ್ರಾವವನ್ನೂ ತರಬಲ್ಲದು. ಸ್ವೀಡನ್ನಿನ ಅದೇ ವರದಿಯಲ್ಲಿ ಔಷಧ ಪಡೆದವರಿಗೆ ರಕ್ತಸ್ರಾವ ಹೆಚ್ಚಿತೇ ಹೊರತು ಹೆಪ್ಪಿನ ತೊಂದರೆ ಕಡಿಮೆಯಾದುದು ಕಾಣಲಿಲ್ಲ. ಅಮೆರಿಕದ 2023ರ ಮಾರ್ಗಸೂಚಿ, ರಕ್ತಸ್ರಾವದ ಭಯವಿಲ್ಲದವರಿಗೆ 60 ದಿನಗಳ ಕಾಲ ಔಷಧ ಕೊಟ್ಟು, ಅನಂತರ ಮತ್ತೆ ವಿಚಾರ ಮಾಡುವುದು ಯುಕ್ತವೆನ್ನುತ್ತದೆ. ಯೂರೋಪಿನ 2024ರ ಮಾರ್ಗಸೂಚಿ, ಆಘಾತದ ಸಂಭವ ಹೆಚ್ಚಿರುವವರಿಗೆ ದೀರ್ಘಕಾಲದ ಔಷಧವನ್ನು ಪರಿಗಣಿಸಬೇಕೆನ್ನುತ್ತದೆ. ವಯಸ್ಸು, ರಕ್ತದೊತ್ತಡ, ಮಧುಮೇಹ, ಹಿಂದಿನ ಆಘಾತ, ಹೃದಯ ವೈಫಲ್ಯ, ಇವುಗಳನ್ನು ತೂಗಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಲೋಹದ ಕೃತಕ ಕವಾಟ ಹೊಂದಿದವರ ಮಾತು ಬೇರೆ. ಅವರಿಗೆ ತಾಳ ಸರಿಯಿದ್ದರೂ ವಾರ್ಫರಿನ್ ಜೀವನಪರ್ಯಂತ ಬೇಕು.

ಮನೆಗೆ ಮರಳಿದ ಮೇಲೆ

ಎಡವುವುದು ಇಲ್ಲಿಯೇ. ಎದೆಯ ಗಾಯ ಮಾಯಿತು, ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಶಕ್ತಿ ಬಂದಿತು ಎಂದೊಡನೆ ಕೆಲವರು ಮಾತ್ರೆಯನ್ನು ತಾವೇ ನಿಲ್ಲಿಸುತ್ತಾರೆ. ಬೇರೆ ಕೆಲವರು ಹಳೆಯ ಚೀಟಿಯನ್ನೇ ಅಂಗಡಿಗೆ ಕಳುಹಿಸಿ ವರ್ಷಗಟ್ಟಲೆ ನುಂಗುತ್ತಾರೆ. ಎರಡೂ ಅಪಾಯಕರ. ಆಸ್ಪತ್ರೆಯ ಬಿಡುಗಡೆಪತ್ರದಲ್ಲಿ ತಾಳ ತಪ್ಪಿದ್ದ ಉಲ್ಲೇಖವಿದೆಯೆ ಎಂಬುದನ್ನು ಕೇಳಿ ತಿಳಿಯಬೇಕು. ಎರಡು ತಿಂಗಳ ಸುಮಾರಿಗೆ ತಪ್ಪದೆ ಇ.ಸಿ.ಜಿ. ಮಾಡಿಸಿ, ಔಷಧ ಮುಂದುವರಿಯಬೇಕೆ ಎಂದು ವೈದ್ಯರನ್ನೇ ವಿಚಾರಿಸಬೇಕು. ಊರಿಗೆ ಹೋಗಿ ವಿಶ್ರಮಿಸುವವರು ಆ ಪತ್ರವನ್ನು ಜೊತೆಯಲ್ಲಿಯೇ ಒಯ್ಯುವುದು ಲೇಸು.

ಮಣಿಕಟ್ಟಿನಲ್ಲಿ ಹೆಬ್ಬೆರಳ ಬದಿಗೆ ಮೂರು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡುವುದನ್ನು ಮನೆಯವರೆಲ್ಲ ಕಲಿಯಬಹುದು. ನಾಡಿ ಕ್ರಮಗೆಟ್ಟಿದ್ದರೆ, ಎದೆ ಡವಗುಟ್ಟಿದರೆ, ವೈದ್ಯರಲ್ಲಿಗೆ ಹೋಗಬೇಕು. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪುಗಳನ್ನು ಬಿಡಬೇಕಿಲ್ಲ. ದಿನದಿನದ ಪ್ರಮಾಣ ಒಂದೇ ಸಮನಾಗಿದ್ದರೆ ಸಾಕು. ರಕ್ತಪರೀಕ್ಷೆಯನ್ನು ಮಾತ್ರ ತಪ್ಪಿಸಕೂಡದು. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆ ಸೇರಬೇಕು. ಹೆಪ್ಪು ಕರಗಿಸುವ ಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ಶಸ್ತ್ರವೈದ್ಯರು ಕೆಲವು ಗಂಟೆಗಳ ಶ್ರಮದಿಂದ ಉಳಿಸಿಕೊಟ್ಟ ಹೃದಯವನ್ನು ಮುಂದಿನ ವರ್ಷಗಳಲ್ಲಿ ಕಾಯಬೇಕಾದವರು ರೋಗಿ ಮತ್ತು ಅವನ ಮನೆಮಂದಿ. ಅದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ. ಎರಡು ತಿಂಗಳ ಅನಂತರದ ಒಂದು ಭೇಟಿ, ಆಗಾಗ ಒಂದು ನಿಮಿಷದ ನಾಡಿಪರೀಕ್ಷೆ.