ಹೊಗೆಯ ಹೊತ್ತನ್ನು ಗೆಲ್ಲುವ ಬಗೆ

ಧೂಮಪಾನವು ಹಾನಿಕರವೆಂದು ಅರಿಯದವರು ಇಂದು ವಿರಳ. ಆದರೂ ಬಿಡುವೆನೆಂದು ಪಣತೊಟ್ಟವರು ಎಂಟು ದಿನಗಳೊಳಗೆ ಮತ್ತೆ ಸಿಗರೇಟು ಹಚ್ಚುವುದೇಕೆ? ಮನೋಬಲವಿಲ್ಲವೆಂದು ಮನೆಯವರು ಹಳಿಯುವರು. ತಾನೇ ಅಯೋಗ್ಯನೆಂದು ಆತನೂ ಕುಗ್ಗುವನು. ಈ ತೀರ್ಪು ನ್ಯಾಯವಾದುದಲ್ಲವೆಂದು ನಮ್ಮ ಅಭಿಪ್ರಾಯವು.

ಶ್ರೀರಂಗಪಟ್ಟಣದ ನೆರೆಯ ಕಿರಂಗೂರಿನಲ್ಲಿ ಸಿಗರೇಟು ಸೇದುವ ರೈತನೊಬ್ಬನ ದಿನಚರಿಯನ್ನು ವಾಚಕರು ಊಹಿಸಿಕೊಳ್ಳಲಿ. ಬೆಳಗ್ಗೆ ಕಾಫಿಯಾದೊಡನೆ ಒಂದು. ಗದ್ದೆಗೆ ನೀರು ತಿರುಗಿಸಿ ಬದುವಿನ ಮೇಲೆ ಕುಳಿತಾಗ ಒಂದು. ಮುದ್ದೆಯುಂಡು ಜಗಲಿಗೆ ಬಂದಾಗ ಒಂದು. ಆಲೆಮನೆಯಲ್ಲಿ ಹರಟೆಗೆ ಕೂತಾಗ ಒಂದು. ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುವಾಗ ಮತ್ತೊಂದು. ಹೊತ್ತು ಕರೆಯಿತು, ಕೈ ಜೇಬಿಗೆ ಹೋಯಿತು, ಇಷ್ಟೆ.

ಇಲ್ಲಿ ಶತ್ರುಗಳು ಎರಡು. ಮೊದಲನೆಯದು ನಿಕೋಟಿನ್. ಹೊಗೆಯೊಡನೆ ಕೆಲವೇ ಕ್ಷಣಗಳಲ್ಲಿ ಮೆದುಳನ್ನು ಮುಟ್ಟುವ ಈ ವಸ್ತುವು ಬೇಗನೆ ಇಳಿದುಹೋಗಿ, ಮತ್ತೆ ಬೇಕೆನಿಸುವುದು. ಬಿಟ್ಟ ಮೊದಲ ಕೆಲವು ದಿನ ಸಿಡುಕು, ಚಡಪಡಿಕೆ, ನಿದ್ರಾಭಂಗಗಳು ಬಲವಾಗಿದ್ದು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಶಮನವಾಗುವುವು. ಎರಡನೆಯ ಶತ್ರು ರೂಢಿ. ಅದು ತಿಂಗಳುಗಳು ಕಳೆದರೂ ಅದೇ ಜಗಲಿಯಲ್ಲಿ ಕಾದು ಕುಳಿತಿರುವುದು.

ಆದಕಾರಣ ಸಿಗರೇಟನ್ನು ಬಿಟ್ಟರೆ ಸಾಲದು, ಅದರ ಹೊತ್ತನ್ನೂ ಬದಲಿಸತಕ್ಕದ್ದು. ಬಿಡುವುದಕ್ಕೆ ಮೊದಲು ಒಂದು ವಾರ, ಎಲ್ಲಿ, ಯಾವಾಗ, ಯಾರೊಡನೆ ಸೇದಿದಿರೆಂದು ಬರೆದಿಡಿರಿ. ಜಗಲಿಯಲ್ಲಿ ಕುಡಿಯುತ್ತಿದ್ದ ಕಾಫಿಯನ್ನು ಮಕ್ಕಳ ಜೊತೆ ಒಳಮನೆಯಲ್ಲಿ ಕುಡಿಯಿರಿ. ಊಟವಾದೊಡನೆ ಬಾಯಿ ಮುಕ್ಕಳಿಸಿ ಬೀದಿಯ ಕೊನೆಯವರೆಗೆ ನಡೆದು ಬನ್ನಿರಿ. ಬದುವಿನ ಮೇಲೆ ಬರಿಗೈಯಲ್ಲಿ ಕೂರದೆ ಒಂದು ಹಿಡಿ ಹುರಿಗಡಲೆಯಿಟ್ಟುಕೊಳ್ಳಿರಿ. ಆಲೆಮನೆಯ ಗೆಳೆಯರಿಗೆ, ‘ನನಗೆ ಕೊಡಬೇಡಿರಪ್ಪ’ ಎಂದು ಮೊದಲೇ ಹೇಳಿರಿ. ಬಯಕೆಯು ಅಲೆಯಂತೆ ಏರಿ, ಸಾಧಾರಣವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುವುದು. ಅಷ್ಟರವರೆಗೆ ಒಂದು ಲೋಟ ನೀರನ್ನು ಮೆಲ್ಲಗೆ ಗುಟುಕರಿಸಿರಿ. ಆದರೆ ಸಿಗರೇಟಿಗೆ ಬದಲಾಗಿ ಹೊಗೆಸೊಪ್ಪನ್ನು ಅಗಿಯುವುದು ಸಲ್ಲದು. ಅದರಲ್ಲಿಯೂ ಇರುವುದು ಅದೇ ನಿಕೋಟಿನ್.

ಗೃಹಿಣಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಆ ಕೆಲವು ದಿನಗಳ ಸಿಡುಕನ್ನು ಸೈರಿಸಿರಿ. ಆತ ಒಮ್ಮೆ ಜಾರಿದರೆ ‘ನಿಮ್ಮಿಂದ ಆಗುವುದಲ್ಲ’ ಎನ್ನಬೇಡಿರಿ. ಜಾರಿದ ಹೊತ್ತು ಯಾವುದೆಂದು ಜೊತೆಗೂಡಿ ಯೋಚಿಸಿರಿ. ಮುಂದೆ ಕಟ್ಟೆ ಹಾಕಬೇಕಾದುದು ಅಲ್ಲಿಯೇ.

ಕಿರಂಗೂರಿನಲ್ಲಿ ಬನ್ನಿಮಂಟಪವಿದೆ. ಶ್ರೀರಂಗಪಟ್ಟಣ ದಸರೆಯ ಮೆರವಣಿಗೆಯು ಹೊರಡುವುದು ಅಲ್ಲಿಂದಲೇ. ಪಾಂಡವರು ಬನ್ನಿಯ ಮರದಲ್ಲಿ ಆಯುಧಗಳನ್ನು ಬಚ್ಚಿಟ್ಟುದು ಅವನ್ನು ಮರಳಿ ತೆಗೆಯುವುದಕ್ಕಾಗಿ. ಆಪತ್ಕಾಲಕ್ಕೆ ಇರಲೆಂದು ಅಟ್ಟದ ಮೇಲೆ ಒಂದು ಪೊಟ್ಟಣವನ್ನು ಅಡಗಿಸಿಡುವವನೂ ಒಂದು ದಿನ ಅದನ್ನು ಮರಳಿ ತೆಗೆಯುವನು. ಬಿಡುವುದಾದರೆ ಬೆಂಕಿಪೆಟ್ಟಿಗೆಯು ಒಲೆಯ ಬಳಿಯಲ್ಲಿರಲಿ. ಪೊಟ್ಟಣವು ಮನೆಯಲ್ಲೆಲ್ಲಿಯೂ ಬೇಡ.

ಒಬ್ಬರೇ ಹೆಣಗಬೇಕಾದ ಅಗತ್ಯವೂ ಇಲ್ಲ. 1800-11-2356 ಎಂಬ ಉಚಿತ ದೂರವಾಣಿಯ ಮೂಲಕ ತಂಬಾಕನ್ನು ಬಿಡಲು ಸಲಹೆ ದೊರೆಯುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಕನ್ನಡದಲ್ಲಿ ಈ ಸೇವೆಗೆ ನೆರವಾಗಿದೆ. ಅಗತ್ಯವಿದ್ದವರಿಗೆ ವೈದ್ಯರು ಔಷಧವನ್ನೂ ಸೂಚಿಸಬಲ್ಲರು. ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರಲ್ಲಿ ನೂರಕ್ಕೆ 28.2ರಷ್ಟಿದ್ದು, 2016-17ರಲ್ಲಿ 22.8ಕ್ಕೆ ಇಳಿದಿದ್ದರು. ಇಳಿಸಲಾಗದ ಹೊರೆಯಲ್ಲವಿದು. ನಾಳೆಯ ಮೊದಲ ಕಾಫಿಯನ್ನು ಬೇರೆ ಕಡೆ ಕುಳಿತು ಕುಡಿಯಿರಿ. ಆರಂಭಕ್ಕೆ ಅಷ್ಟು ಸಾಕು.